ಪುಟಸಂಖ್ಯೆ ಹಾಕದ ಇಬ್ಬರು

೧

ಹೇಗೆ ಶುರು ಮಾಡಲಿ? "ಮಹಾನಗರದಲ್ಲಿ ಅವಳು ಒಂಟಿಯಾಗಿದ್ದಳು" ಎಂದು ಬರೆದೆ. ಓದಿ ನೋಡಿದರೆ ನನಗೇ ಆಕಳಿಕೆ ಬಂತು. ಹೊಡೆದುಹಾಕಿದೆ.

ಎರಡನೇ ಸಲ ನನ್ನ ಕಸುಬಿನ ಧಾಟಿಯಲ್ಲೇ ಶುರು ಮಾಡಿದೆ: "ಕಥೆಯನ್ನು ಸಮತಟ್ಟಾದ ಜಾಗದಲ್ಲಿಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ." ನಗಬೇಡಿ. ಹೊಟ್ಟೆಪಾಡಿಗೆ ನಾನು ಬರೆಯುವುದೇ ಇದು. ಮಿಕ್ಸಿ, ಗೀಸರ್, ಇಸ್ತ್ರಿಪೆಟ್ಟಿಗೆ ಕೊಂಡಾಗ ಡಬ್ಬದೊಳಗೆ ಮಡಿಸಿಟ್ಟ ಕಾಗದವೊಂದು ಸಿಗುತ್ತದಲ್ಲ, ಅದರ ಲೇಖಕಿ ನಾನೇ. ನನ್ನ ಬರಹ ಲಕ್ಷಾಂತರ ಮನೆ ತಲುಪಿದೆ. ಓದಿದವರು ಮಾತ್ರ ಒಬ್ಬರೂ ಇಲ್ಲ. ದೊಡ್ಡ ದೊಡ್ಡ ಸಾಹಿತಿಗಳ ಪಾಡೂ ಇಷ್ಟೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

(ಸಂಪಾದಕರೇ, ಕೊನೆಯ ಸಾಲು ಯಾರಿಗಾದರೂ ಉರಿಯುತ್ತದೆ ಅನ್ನಿಸಿದರೆ ತೆಗೆಯಬೇಡಿ.)

೨

ಸರಿ, ಸುತ್ತಿ ಬಳಸುವುದು ಬೇಡ. ನಾನು ಬರೆದದ್ದನ್ನು ಕಿವಿಗೊಟ್ಟು ಕೇಳುವ ನಾಲ್ಕು ಜನ ನನಗೆ ಬೇಕಾಗಿತ್ತು. ಇಷ್ಟು ದೊಡ್ಡ ಊರಿನಲ್ಲಿ ನಾಲ್ಕು ಜನ ಸಿಗುವುದಿಲ್ಲವೇ?

ಮೊದಲು ಸೇರಿದ್ದು ಒಂದು ವಾಟ್ಸಾಪ್ ಬಳಗ. ಬೆಳಿಗ್ಗೆ ಕವಿತೆ ಹಾಕಿದರೆ ತಿಂಡಿಯ ಹೊತ್ತಿಗೆ ಸಾಲುಸಾಲಾಗಿ ಕೈಮುಗಿಯುತ್ತಿದ್ದರು. ಅನುಮಾನ ಬಂದು ಒಂದು ದಿನ ಗೀಸರ್ ಕಾಗದವನ್ನೇ ಸಾಲು ಮುರಿದು ಹಾಕಿದೆ. "ಒಳಗಿನ ಒತ್ತಡ ತಡೆಯಲಾಗದಿದ್ದಾಗ / ಕವಾಟ ತಾನಾಗಿಯೇ ತೆರೆಯುತ್ತದೆ." ನನ್ನ ಸಾಹಿತ್ಯ ಜೀವನದಲ್ಲೇ ಅಷ್ಟು ಹೊಗಳಿಕೆ ಸಿಕ್ಕಿರಲಿಲ್ಲ. ಒಬ್ಬರು ತಮಗೆ ಅಳು ಬಂತೆಂದು ಬರೆದಿದ್ದರು. ನಾನು ಬಳಗ ಬಿಟ್ಟೆ.

ಆಮೇಲೆ ಚಿತ್ರಪ್ರದರ್ಶನಗಳ ಕಡೆ ಹೋದೆ. ಅಲ್ಲಿ ಎಲ್ಲರೂ ಚಿತ್ರಗಳಿಗೆ ಬೆನ್ನು ಹಾಕಿ ಮಾತಾಡುತ್ತಿದ್ದರು. ನಾನೊಬ್ಬಳೇ ಚಿತ್ರ ನೋಡುತ್ತಿದ್ದುದರಿಂದ ಕಾವಲಿನವನು ನನ್ನ ಬ್ಯಾಗು ತೆಗೆಸಿ ನೋಡಿದ.

ಕೊನೆಗೆ ಸಿಕ್ಕಿದ್ದು ಸಲೂನ್.

೩

ಸಲೂನ್ ಎಂದರೆ ಕೂದಲು ಕತ್ತರಿಸುವ ಸಲೂನೇ. ವಾರದ ರಜೆಯ ಸಂಜೆ ಅಲ್ಲಿ ಏಳೆಂಟು ಜನ ಸೇರಿ ಕಥೆ, ಕವಿತೆ ಓದುತ್ತಿದ್ದರು. ಯಜಮಾನರನ್ನು ಎಲ್ಲರೂ ಸಲೂನಣ್ಣ ಎನ್ನುತ್ತಿದ್ದರು. ಸುತ್ತಲೂ ಕನ್ನಡಿಗಳು. ಬರೆಯುವವರನ್ನು ಕನ್ನಡಿಗಳ ನಡುವೆ ಕೂರಿಸಿದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ನಾನಂತೂ ನನ್ನ ಗಂಭೀರ ಮುಖ ಯಾವ ಕೋನದಲ್ಲಿ ಚೆನ್ನಾಗಿ ಕಾಣುತ್ತದೆಂದು ಎರಡನೇ ವಾರಕ್ಕೇ ಕಂಡುಕೊಂಡಿದ್ದೆ.

ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಬರೆದವರು ತಮ್ಮದನ್ನು ತಾವೇ ಓದುವ ಹಾಗಿಲ್ಲ. ಬೇರೆಯವರು ಓದುತ್ತಾರೆ. ಎಲ್ಲರೂ ಮಾತಾಡಿ ಮುಗಿಸುವ ತನಕ ಬರೆದವರು ತುಟಿ ಬಿಚ್ಚುವ ಹಾಗಿಲ್ಲ. "ತಲೆ ಕೊಟ್ಟವರು ಮಧ್ಯೆ ಅಲ್ಲಾಡಬಾರದು. ಅಲ್ಲಾಡಿದ್ರೆ ಕಿವಿಗೆ ಕತ್ತರಿ ಬೀಳುತ್ತೆ" ಎನ್ನುತ್ತಿದ್ದರು ಸಲೂನಣ್ಣ.

ಪರದೆ ಅಕ್ಕ ಪರಿಚಯವಾದದ್ದು ಅಲ್ಲೇ. ಅಂಗಡಿಗಳಿಂದ ಬಟ್ಟೆ ತಂದು ಮನೆಯಲ್ಲಿ ಕಿಟಕಿ ಪರದೆ ಹೊಲಿದುಕೊಡುವವರು. ಜಂಭದ ಮೂಟೆ. "ಈ ಕೋಣೇಲಿ ಬರೆಯೋಕೆ ಬರೋದು ಒಬ್ಬರಿಗೇ. ಹೆಸರು ಹೇಳಲ್ಲ, ನಿಮಗೆ ಹೊಟ್ಟೆಕಿಚ್ಚಾಗುತ್ತೆ" ಎಂದು ಮೊದಲ ದಿನವೇ ಹೇಳಿದ್ದರು. ಅವರ ಕಥೆಗಳೆಲ್ಲ ಒಂದೇ. ಒಬ್ಬ ಹೆಂಗಸು ಕಿಟಕಿಯ ಪಕ್ಕ ಕೂತು, ಜಗಳವಾಡಿ ದೂರವಾದ ತಂಗಿಗೆ ಕಾಯುತ್ತಾಳೆ. ತಂಗಿ ಬರುವುದಿಲ್ಲ. ಕಥೆಯಿಂದ ಕಥೆಗೆ ಪರದೆಯ ಬಣ್ಣ ಬದಲಾಗುತ್ತದೆ, ಅಷ್ಟೇ.

ನನ್ನ ಕಥೆಗಳು? ಅವೂ ಒಂದೇ. ಒಬ್ಬ ಹೆಂಗಸು ಸೂಟ್‌ಕೇಸ್ ತುಂಬಿಕೊಂಡು ಮನೆ ಬಿಡುತ್ತಾಳೆ. ತುಂಬುವ ಕ್ರಮ ಬಹಳ ಅಚ್ಚುಕಟ್ಟು. (ಕಸುಬಿನ ಚಾಳಿ.) ಎಲ್ಲಿಗೆ ಹೋಗುತ್ತಾಳೆಂದು ಮಾತ್ರ ನನಗೆ ಗೊತ್ತಾಗದ್ದರಿಂದ ಕಥೆ ಬಸ್‌ಸ್ಟಾಪಿನಲ್ಲೇ ಮುಗಿಯುತ್ತದೆ. ಅದನ್ನು ನಾನು ಮುಕ್ತ ಅಂತ್ಯ ಎಂದು ಕರೆದುಕೊಳ್ಳುತ್ತಿದ್ದೆ.

೪

ಈಗ ಅನಾಹುತ.

ಅಕ್ಕನೂ ನಾನೂ ಒಂದೇ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಿದ್ದೆವು. ಅದೇ ಕಾಗದ, ಅದೇ ಅಕ್ಷರ. ಹೆಸರಿಡುವುದು ಹಳೇ ಕಾಲದ್ದೆಂದು ನನ್ನ ನಾಯಕಿ ಬರೀ 'ಅವಳು'. ಹೆಸರಿಟ್ಟರೆ ಗುರುತು ಸಿಗುತ್ತದೆಂದು ಅಕ್ಕನ ನಾಯಕಿಯೂ ಬರೀ 'ಅವಳು'. ಪುಟಸಂಖ್ಯೆ ಇಬ್ಬರೂ ಹಾಕುತ್ತಿರಲಿಲ್ಲ. ಆಫೀಸಿನಲ್ಲಿ ದಿನವಿಡೀ ಹಾಕಿ ಹಾಕಿ ನನಗೆ ರೋಸಿಹೋಗಿತ್ತು. ಅಕ್ಕನಿಗೆ, ತಮ್ಮ ಕಥೆಯನ್ನು ಎಲ್ಲಿಂದ ಓದಿದರೂ ಚೆನ್ನ ಎಂಬ ನಂಬಿಕೆ.

ಸಲೂನಣ್ಣ ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟು ಫ್ಯಾನ್ ಹಾಕಿದರು. ಹಾಳೆ ಹಾರಿದವು. ಆಯ್ದು, ಎರಡು ಕಟ್ಟಾಗಿ ಜೋಡಿಸಿ, "ಇದು ನಮ್ಮ ಮಿಕ್ಸಿ ಮೇಡಂ ಕಥೆ" ಎಂದು ನನ್ನ ಕಡೆ ಕೈ ತೋರಿಸಿ ಒಂದು ಕಟ್ಟು ಓದಲು ಶುರು ಮಾಡಿದರು.

ಮೊದಲ ಹಾಳೆ ಅಕ್ಕನದು: ಅವಳು ಕಿಟಕಿಯ ಪಕ್ಕ ತಂಗಿಗಾಗಿ ಕಾಯುತ್ತಿದ್ದಾಳೆ. ಆಮೇಲೆ ನನ್ನವು: ಅವಳು ಸೂಟ್‌ಕೇಸ್ ತುಂಬುತ್ತಾಳೆ, ಬಸ್‌ಸ್ಟಾಪಿಗೆ ಬರುತ್ತಾಳೆ. ಮತ್ತೆ ಅಕ್ಕನದು: ಬಾಗಿಲು ತಟ್ಟಿದ ಸದ್ದಾಗುತ್ತದೆ, ಅವಳು ಧಡಕ್ಕನೆ ಎದ್ದು ಓಡಿ ಚಿಲಕ ತೆಗೆಯುತ್ತಾಳೆ. ಅಲ್ಲಿಗೆ ಸಲೂನಣ್ಣನ ಕೈಯಲ್ಲಿದ್ದ ಹಾಳೆ ಮುಗಿದವು.

ಪ್ರೇಮಕವಿತೆ ಬರೆಯುವ ಬ್ಯಾಂಕ್ ಕ್ಯಾಷಿಯರ್ ಕನ್ನಡಕ ತೆಗೆದು ಒರೆಸಿಕೊಂಡರು. "ಬಂದ್ಲಲ್ಲಾ! ಅಂತೂ ತಂಗಿ ಬಂದ್ಲಲ್ಲಾ!"

"ನಮ್ಮ ಬಳಗದ ಪುಸ್ತಕಕ್ಕೆ ಇದೇ ಮೊದಲ ಕಥೆ" ಎಂದರು ಸಲೂನಣ್ಣ.

ನನಗೆ ಎಲ್ಲ ಗೊತ್ತಾಗಿತ್ತು. ಆದರೆ ತುಟಿ ಬಿಚ್ಚುವ ಹಾಗಿರಲಿಲ್ಲವಲ್ಲ! (ಎಂಥ ಅನುಕೂಲದ ನಿಯಮ.) ಕನ್ನಡಿಯಲ್ಲಿ ಅಕ್ಕನ ಕಡೆ ನೋಡಿದೆ. ಮುಖ ಕೆಂಪಾಗಿತ್ತು. ಅವರು ನಿಯಮವನ್ನು ಗಾಳಿಗೆ ತೂರಿ ಎದ್ದರು. ಕುರ್ಚಿಯ ಕೆಳಗೆ ಸೇರಿದ್ದ ಹಾಳೆ ಎಳೆದು ತೆಗೆದರು.

"ಬಂದಿಲ್ಲ! ಯಾರು ಹೇಳಿದ್ದು ಬಂದ್ಲು ಅಂತ? ಬಾಗಿಲು ತಟ್ಟಿದ್ದು ಗಿರಾಕಿ! ಪರದೆ ಗಿಡ್ಡ ಆಯ್ತು ಅಂತ ಜಗಳಕ್ಕೆ ಬಂದಿರೋ ಗಿರಾಕಿ! ಇಲ್ಲಿದೆ ನೋಡಿ, ಕೊನೇ ಹಾಳೆ!"

"ಅಕ್ಕ, ಆದ್ರೆ ಹೀಗೇ ಚೆನ್ನಾಗಿದೆ..." ಎಂದೆ. ಆ ಹೊತ್ತಿನಲ್ಲಿ ಆಡಬಾರದ ಮಾತು.

"ನಿನಗೆ ಚೆನ್ನಾಗಿರುತ್ತೆ ಕಣೇ. ಅವಳು ನಿನ್ನ ತಂಗಿ ಅಲ್ವಲ್ಲ" ಎಂದರು. ಚೀಲ ಎತ್ತಿಕೊಂಡರು. "ನಾನು ಇನ್ನು ಈ ಕಡೆ ತಲೆ ಹಾಕಲ್ಲ."

೫

ಇಲ್ಲಿ ಕಥೆ ಮುಗಿಸಬಹುದಿತ್ತು. ಪ್ರಯತ್ನಿಸಿದೆ ಕೂಡ.

ಅಂತ್ಯ ಒಂದು: ಅಕ್ಕ ಮನಸ್ಸು ಬದಲಾಯಿಸಿ ಪುಸ್ತಕಕ್ಕೆ ಒಪ್ಪುತ್ತಾರೆ, ನನ್ನ ಹೆಸರು ಮೊದಲು ಬರುತ್ತದೆ. (ನಾಚಿಕೆಯಾಗಿ ಬಿಟ್ಟೆ. ಎರಡು ದಿನ ಆದಮೇಲೆ.)

ಅಂತ್ಯ ಎರಡು: ಅಕ್ಕ ಮತ್ತೆಂದೂ ಬರುವುದಿಲ್ಲ, ಅವರ ಖಾಲಿ ಕುರ್ಚಿ ಕನ್ನಡಿಯಲ್ಲಿ... ಛೆ. ಖಾಲಿ ಕುರ್ಚಿ! ಕೈಗೆ ಹೊಡೆಯಬೇಕು.

ನಿಜ ಹೇಳುತ್ತೇನೆ. ಅವರಿಲ್ಲದೆ ನನಗೆ ಆಗುತ್ತಿರಲಿಲ್ಲ. ಉಳಿದವರೆಲ್ಲ ನನ್ನ ಕಥೆಗಳನ್ನು ಚೆನ್ನಾಗಿದೆ ಎನ್ನುತ್ತಿದ್ದರು. ಅಕ್ಕ ಒಬ್ಬರೇ ಒಮ್ಮೆ, "ಎಲ್ಲಾ ತುಂಬಿದ್ಲು, ಹಲ್ಲುಜ್ಜೋ ಬ್ರಷ್ ಮಾತ್ರ ಇಟ್ಕೊಳ್ಳಲಿಲ್ಲ. ನಿನ್ನ ಹೆಂಗಸಿಗೆ ಹೋಗೋ ಮನಸ್ಸೇ ಇಲ್ಲ ಕಣೇ" ಎಂದಿದ್ದರು. ಆ ರಾತ್ರಿ ನನಗೆ ಖುಷಿಯಿಂದ ನಿದ್ದೆ ಬಂದಿರಲಿಲ್ಲ. ನಾನು ಬರೆದದ್ದನ್ನು ಯಾರೋ ಕೇಳಿದ್ದರು. ಅಂಥವರನ್ನು ಕಳೆದುಕೊಂಡರೆ ಈ ಊರಿನಲ್ಲಿ ಮತ್ತೆ ಎಲ್ಲಿ ಹುಡುಕಲಿ?

ಅವರ ಕೋಣೆಗೆ ಹೋದೆ. ಯಾವುದೋ ಹೋಟೆಲಿನ ಪರದೆಗಳು ಮಂಚ, ನೆಲ, ಒಲೆಯ ಕಟ್ಟೆಯ ತನಕ ಹರಡಿದ್ದವು. "ಬಂದ್ಯಾ? ಆ ತುದಿ ಹಿಡ್ಕೋ, ಎಳೀಬೇಡ" ಎಂದರು. ಹಿಡಿದುಕೊಂಡೆ. ಹೊಲಿಗೆ ಯಂತ್ರ ಸದ್ದು ಮಾಡುತ್ತಲೇ ಇತ್ತು.

"ತಂಗಿ ನಂಬರ್ ಇದ್ಯಾ ಅಕ್ಕ?"

"ಇದೆ."

"ಮತ್ತೆ ಫೋನ್ ಯಾಕೆ ಮಾಡಿಲ್ಲ?"

"ಅಮ್ಮ ಹೋದಾಗ ಅವಳಿಗೆ ಬಾಯಿಗೆ ಬಂದ ಹಾಗೆ ಅಂದುಬಿಟ್ಟಿದ್ದೀನಿ. ಫೋನ್ ಎತ್ತಲ್ಲ ಅನ್ನೋ ಹೆದರಿಕೆ ಅಲ್ಲ ಕಣೇ. ಎತ್ತಿಬಿಟ್ರೆ?" ಯಂತ್ರ ನಿಂತಿತು. "ಎತ್ತಿಬಿಟ್ರೆ ಏನು ಹೇಳ್ಲಿ? ಇಷ್ಟು ಕಥೆ ಬರೆದೆ. ಅವಳು ಬಂದಾಗ ಆಡೋ ಮೊದಲ ಮಾತು ಒಂದೂ ಬರೆಯೋಕೆ ಆಗಿಲ್ಲ. ಅದಕ್ಕೇ ಬಾಗಿಲಿಗೆ ಗಿರಾಕೀನ ತಂದು ನಿಲ್ಲಿಸ್ತೀನಿ."

ನನಗೆ ಅಳು ಬಂತು. ಅದರ ಜೊತೆಗೇ ಒಂದು ಸಾಲೂ ಹೊಳೆಯಿತು, ಬಾಗಿಲು ತಟ್ಟಿ ಬಂದ ತಂಗಿ ನಾನೇ ಎಂದು. ನನ್ನ ಮುಖ ನೋಡಿಯೇ ಅಕ್ಕನಿಗೆ ಗೊತ್ತಾಯಿತು.

"ಆ ತಂಗಿ ನಾನೇ ಅಂತೆಲ್ಲ ಬರೆದೀಯ ಜೋಕೆ. ವಾಕರಿಕೆ ಬರುತ್ತೆ."

ಬರೆದಿಲ್ಲ, ನೋಡಿ.

೬

"ನಮ್ಮವರನ್ನ ಕೇಳೋಣ ಅಕ್ಕ. ಬರೆಯೋ ಜನ, ಒಂದು ಮಾತು ಹೊಳೆಯಲ್ವಾ?" ಎಂದು ಬೇಡಿಕೊಂಡೆ. ಬೈದುಕೊಂಡೇ ಮುಂದಿನ ರಜೆಗೆ ಸಲೂನಿಗೆ ಬಂದರು. ನಡುವಿನ ಕುರ್ಚಿಯಲ್ಲಿ ಕೂತು, ವಿಷಯ ಹೇಳಿ, "ಮೊದಲ ಮಾತು ಬರೆದುಕೊಡಿ. ಒಂದೇ ಒಂದು. ದೊಡ್ಡ ಸಾಹಿತಿಗಳಲ್ವಾ?" ಎಂದರು.

ಕ್ಯಾಷಿಯರ್ ಬರೆದದ್ದು: "ಕಾಲವೆಂಬ ನದಿಯ ಎರಡು ದಡಗಳಲ್ಲಿ..."

"ಅವಳು ಅಲ್ಲೇ ಫೋನ್ ಇಡ್ತಾಳೆ" ಎಂದರು ಅಕ್ಕ.

ಸಲೂನಣ್ಣ: "ಹೇಗಿದ್ದೀಯಮ್ಮ, ಕೂದಲು ನೆರೀತಾ?"

"ಬಂದೇ ಹೊಡೀತಾಳೆ."

ನಾನು ಬರೆದದ್ದು: "ಈ ಕರೆಯನ್ನು ಕತ್ತರಿಸುವ ಮುನ್ನ ದಯವಿಟ್ಟು ಪೂರ್ತಿ ಕೇಳಿ." ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಕ್ಕ ಕೂಡ.

ಕ್ಷಮೆ ಮೊದಲು ಕೇಳಬೇಕು ಎಂದರು ಒಬ್ಬರು. ಅಮ್ಮನ ಮಾತು ಎತ್ತಲೇಬಾರದು ಎಂದರು ಇನ್ನೊಬ್ಬರು. ಅಕ್ಕನಾದವಳು ತಗ್ಗಬಾರದು ಎಂದು ಸಲೂನಣ್ಣ, ತಗ್ಗಿದರೆ ಕಿರೀಟ ಬೀಳುತ್ತದಾ ಎಂದು ಕ್ಯಾಷಿಯರ್. ಜಗಳವೇ ಆಯಿತು. ಯಾರೂ ಕನ್ನಡಿ ನೋಡಿಕೊಳ್ಳಲಿಲ್ಲ. ಯಾರ ಚೀಲದಿಂದಲೂ ಸ್ವಂತ ಕಥೆ ಹೊರಬರಲಿಲ್ಲ. ಬರೆದ ಚೀಟಿಗಳನ್ನೆಲ್ಲ ಅಕ್ಕ ಓದಿದರು, ಮಡಿಸಿದರು, ಕೈಯಲ್ಲಿ ಹಿಡಿದುಕೊಂಡರು.

ಆಮೇಲೆ ಫೋನ್ ತೆಗೆದುಕೊಂಡು ಹೊರಗೆ ನಡೆದರು.

೭

ರಜೆಯಾದ್ದರಿಂದ ಶಟರ್ ಮುಕ್ಕಾಲು ಇಳಿದಿತ್ತು. ನಮಗೆ ಕಾಣುತ್ತಿದ್ದದ್ದು ಅಕ್ಕನ ಪಾದ ಮಾತ್ರ. ಆ ಕಡೆ ಹೋದವು, ಈ ಕಡೆ ಬಂದವು, ನಿಂತವು. ಒಂದು ಹಿಮ್ಮಡಿ ಮೇಲೆದ್ದಿತು.

"ಎತ್ತಿದ್ಲಾ?" ಕ್ಯಾಷಿಯರ್ ಪಿಸುಗುಟ್ಟಿದರು.

"ಶ್!" ಎಂದೆವು ಎಲ್ಲರೂ.

ಹೊರಗಿನಿಂದ ಅಕ್ಕನ ದನಿ ಕೇಳಿತು. "ನಾನು ಕಣೇ."

ಅಷ್ಟೇ. ನಾವು ಬರೆದುಕೊಟ್ಟ ಯಾವ ಚೀಟಿಯಲ್ಲೂ ಅದು ಇರಲಿಲ್ಲ.

ಪಾದಗಳು ಮೆಲ್ಲಗೆ ರಸ್ತೆಯ ಕಡೆ ನಡೆದು ಕಣ್ಣಿಗೆ ಮರೆಯಾದವು. ಓದುಗರೇ, ಈ ಕಥೆ ಬರೆಯುತ್ತಿರುವವಳು ನಾನು. ಬೇಕಾದರೆ ಹಿಂದೆಯೇ ಹೋಗಿ, ಆ ಕಡೆಯವಳು ಏನೆಂದಳೆಂದು ನಿಮಗೆ ಹೇಳಬಲ್ಲೆ. ಅಂತ್ಯ ಮೂರು, ನಾಲ್ಕು, ಐದು, ನಿಮಗೆ ಯಾವುದು ಬೇಕೋ ಅದು. ನಿಮ್ಮಷ್ಟೇ ಆಸೆ ನನಗೂ ಇದೆ.

ಸಲೂನಣ್ಣ ಎದ್ದು ಶಟರಿಗೆ ಕೈ ಹಾಕಿದರು. "ಎತ್ತಿ ನೋಡ್ಲಾ?"

"ಬೇಡ ಕೂತ್ಕೊಳ್ಳಿ ಅಣ್ಣ" ಎಂದೆ.