ಹೆಬ್ಬೆರಳ ಕೆಳಗಿನ ರೇಕು

ಸಿನಿಮಾದವರಿಗೆ ಪುಟ್ಟ ಮಾದರಿಗಳನ್ನು ಮಾಡಿಕೊಡುವ ಆಕೆಯನ್ನು ಸ್ಟುಡಿಯೋದಲ್ಲಿ ಎಲ್ಲರೂ ರೇಕಕ್ಕ ಎಂದೇ ಕರೆಯುತ್ತಿದ್ದರು. ಹಡಗಾಗಲಿ ಸೇತುವೆಯಾಗಲಿ, ಲೋಹ ಕಾಣಬೇಕಾದ ಕಡೆ ಆಕೆ ಬಣ್ಣ ಬಳಿಯುತ್ತಿರಲಿಲ್ಲ, ತೆಳ್ಳನೆಯ ಅಲ್ಯೂಮಿನಿಯಂ ರೇಕನ್ನೇ ಅಂಟಿಸುತ್ತಿದ್ದಳು. "ಬೆಳ್ಳಿ ಬಣ್ಣ ಕಣ್ಣಿಗಷ್ಟೇ ಬೆಳ್ಳಿ, ಕ್ಯಾಮೆರಾಗೆ ಅದು ಬೂದಿ," ಎನ್ನುವುದು ಆಕೆಯ ಮಾತು.

ಈ ಸಲದ್ದು ಹಳೇ ಕಾಲದ ಯುದ್ಧವಿಮಾನ. ರೆಕ್ಕೆಯ ತುದಿಯಿಂದ ತುದಿಗೆ ಒಂದು ಮಾರಿಗೆ ಸ್ವಲ್ಪ ಕಡಿಮೆ. ನಿಜವಾದ ವಿಮಾನದ ಮೈ ಒಂದೇ ತಗಡಲ್ಲ. ನೂರಾರು ತುಂಡುಗಳನ್ನು ಜೋಡಿಸಿದ್ದು, ಒಂದೊಂದು ತುಂಡೂ ಬೆಳಕನ್ನು ಒಂದೊಂದು ಥರ ಹಿಂದಕ್ಕೆ ಕೊಡುತ್ತದೆ. ಹಾಗಾಗಿ ರೇಕಕ್ಕನೂ ಒಂದೊಂದೇ ಚೌಕ ಕತ್ತರಿಸಿ, ಅಂಟು ಸವರಿ, ಮೊನೆ ಮಾಡಿದ ಬಿದಿರುಕಡ್ಡಿಯಿಂದ ಸಂದುಗೊಂದಿಗೆಲ್ಲ ಒತ್ತಿ, ಹತ್ತಿಯಿಂದ ಉಜ್ಜಿ ಕೂರಿಸಬೇಕು. ಒಂದು ಚೌಕದ ಗೀರು ಉದ್ದಕ್ಕೆ ಹೋದರೆ ಪಕ್ಕದ್ದು ಅಡ್ಡಕ್ಕೆ. ಕೆಲವು ಚೌಕಗಳು ಕೊಂಚ ಮಂಕಾಗಿರಲಿ ಎಂದು ಮೊಟ್ಟೆ ಬೇಯಿಸುವ ನೀರಿನಲ್ಲಿ ರೇಕನ್ನೂ ಹಾಕಿ ಕುದಿಸುತ್ತಿದ್ದಳು. ಬೆಂದ ಮೊಟ್ಟೆಗಳನ್ನು ಮನೆಯವರೇ ಮುಗಿಸಬೇಕಲ್ಲ.

"ನಿನ್ನ ವಿಮಾನ ಹಾರೋಷ್ಟರಲ್ಲಿ ನಾವೆಲ್ಲ ಕಾವಿಗೆ ಕೂರಬೇಕಾಗುತ್ತೆ," ಎಂದು ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದರು. "ಅಲ್ವೇ, ಕೊನೆಗೆ ಇದನ್ನ ಸುಡ್ತಾರೆ ತಾನೆ? ಸುಡೋ ಹೆಣಕ್ಕೆ ಇಷ್ಟು ಸಿಂಗಾರ ಯಾಕೆ?"

"ಸುಡೋಕೆ ಮುಂಚೆ ಅದು ಬದುಕಿತ್ತು ಅಂತ ಜನ ನಂಬಬೇಕಲ್ಲ ಅತ್ತೆ."

ಮೂಗಿನ ಮೇಲ್ಭಾಗಕ್ಕೆ ಮಾತ್ರ ಮಂಕು ಕಪ್ಪು ಬಣ್ಣ. ಬಿಸಿಲು ಹೊಳೆದು ಹಾರಿಸುವವನ ಕಣ್ಣಿಗೆ ಹೊಡೆಯಬಾರದೆಂದು ನಿಜವಾದ ವಿಮಾನಗಳಲ್ಲೂ ಹಾಗೇ ಬಳಿದಿರುತ್ತಿದ್ದರು. ಆ ಬಣ್ಣದ ಅಂಚಿಗೆ ಕಾಗದದ ಟೇಪು ಹಚ್ಚಲೇಬೇಕು. ಆದರೆ ಟೇಪು ಕೀಳುವಾಗ ಅದರ ಜೊತೆ ರೇಕೂ ಎದ್ದು ಬಂದರೆ ವಾರದ ಕೆಲಸ ನೀರಲ್ಲಿ ಹೋಮ. ಅದಕ್ಕೇ ಆಕೆ ಟೇಪಿನ ತುಂಡುಗಳನ್ನು ಮೊದಲು ತನ್ನ ಮುಂಗೈಗೆ ಅಂಟಿಸಿ ಕಿತ್ತು, ಅದರ ಹಟ ಇಳಿಸಿ, ಆಮೇಲೆ ವಿಮಾನಕ್ಕೆ ಹಚ್ಚುತ್ತಿದ್ದಳು. ಕೆಲಸದ ದಿನಗಳಲ್ಲಿ ಆಕೆಯ ಎಡಗೈ ತುಂಬ ಟೇಪಿನ ತೇಪೆಗಳೇ. ಎಲ್ಲ ಮುಗಿದ ಮೇಲೆ ಎಂದಿನಂತೆ ಪಾರದರ್ಶಕ ವಾರ್ನಿಷ್ ಹೊಡೆಯಲು ಹೋದವಳು ಒಂದು ಮೂಲೆಯಲ್ಲಿ ಹೊಡೆದು ನೋಡಿ ನಿಂತಳು. ಹೊಳಪು ಸತ್ತುಹೋಗುತ್ತಿತ್ತು. ಈ ಸಲ ವಾರ್ನಿಷ್ ಬೇಡ ಎಂದುಕೊಂಡಳು. ಅದನ್ನು ಯಾರಿಗೂ ಹೇಳಲಿಲ್ಲ.

ಹೇಳಬೇಕಾದವನೊಬ್ಬ ಇದ್ದ. ವಿಮಾನದ ಹೊಟ್ಟೆಗೆ ಮದ್ದು ತುಂಬಿ ಸಿಡಿಸುವವನು. ಅವನು ಬೇರೆ ಯಾರೂ ಅಲ್ಲ, ಆಕೆಯ ಸ್ವಂತ ಮೈದುನ. ಸ್ಟುಡಿಯೋಗೆ ಮದ್ದಿನವನು, ಮನೆಗೆ ಪುಟ್ಟು. ಆದರೆ ಅತ್ತಿಗೆ ಮೈದುನರ ನಡುವೆ ಮಾತು ನಿಂತು ಆರು ತಿಂಗಳ ಮೇಲಾಗಿತ್ತು.

ಆದದ್ದು ಇಷ್ಟು. ಪುಟ್ಟುವಿಗೆ ಒಂದು ಸಂಬಂಧ ಬಂದಿತ್ತು. ಹುಡುಗಿಯನ್ನು ಅವನು ಮೊದಲೇ ಬಲ್ಲ, ಒಪ್ಪಿದ್ದ. ಮನೆ ನೋಡಲು ಬಂದ ಹುಡುಗಿಯ ತಾಯಿ ಅಡುಗೆಮನೆಯಲ್ಲಿ ರೇಕಕ್ಕ ಒಬ್ಬಳೇ ಇದ್ದಾಗ ದನಿ ತಗ್ಗಿಸಿ ಕೇಳಿದರು: "ಬೆಂಕಿ ಜೊತೆ ಕೆಲಸ ಅಂತಾರೆ. ನಿಮ್ಮ ಮೈದುನ ಹುಷಾರಾಗಿರ್ತಾರಾ?" ಸುಳ್ಳು ಹೇಳಲು ಆಕೆಗೆ ನಾಲಿಗೆ ಬರಲಿಲ್ಲ. "ಜಾಣ. ಆದ್ರೆ ಆತುರಗಾರ. ಒಂದೊಂದ್ಸಲ ನನಗೇ ಭಯ ಆಗುತ್ತೆ," ಎಂದುಬಿಟ್ಟಳು. ಹೋದವರು ಮತ್ತೆ ಬರಲಿಲ್ಲ. ಆ ಮಾತು ಬಾಯಿಂದ ಬಾಯಿಗೆ ಬಾಲ ಬೆಳೆಸಿಕೊಂಡು ಪುಟ್ಟುವನ್ನು ಮುಟ್ಟಿತು. ಅವನು ಜಗಳ ಆಡಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಸ್ಟುಡಿಯೋ ಹತ್ತಿರ ಒಂದು ಕೋಣೆ ಹಿಡಿದ. ಅತ್ತಿಗೆ ಮನೆಯಲ್ಲಿಲ್ಲದ ಹೊತ್ತು ನೋಡಿ ತಾಯಿಯನ್ನು ಕಂಡು ಹೋಗುತ್ತಿದ್ದ. ರೇಕಕ್ಕನ ಗಂಡನದು ಅತ್ತ ದರಿ, ಇತ್ತ ಪುಲಿ.

ಹೀಗಾಗಿ ಈ ವಿಮಾನದ ಕೆಲಸವೆಲ್ಲ ದೀಪದಣ್ಣನ ಬಾಯಿಂದ ನಡೆಯಿತು. ದೀಪದಣ್ಣ ಸ್ಟುಡಿಯೋದ ಲೈಟುಗಳನ್ನು ನೋಡಿಕೊಳ್ಳುವ ಹಿರಿಯ. ಇಬ್ಬರಿಗೂ ಬೇಕಾದವನು.

"ಮದ್ದಿನವರು ಕೇಳ್ತಿದಾರೆ. ಒಳಗಡೆ ಪ್ರೊಪೆಲ್ಲರ್ ತಿರುಗಿಸೋ ಬ್ಯಾಟರಿ ಇದೆಯಲ್ಲ, ಅದಕ್ಕೆ ಕೈ ಎಟುಕೋ ಹಾಗೆ ಒಂದು ಬಾಗಿಲು ಬಿಡಬೇಕಂತೆ."

"ಬಾಗಿಲು ಬಿಟ್ರೆ ಗೆರೆ ಕಾಣುತ್ತೆ ಅಂತ ಹೇಳಿ. ಸ್ವಿಚ್ಚು ಬಾಲದಲ್ಲಿದೆ, ಅಷ್ಟು ಸಾಕು."

ದೀಪದಣ್ಣ ಹೋಗಿ ಹೇಳಿದ. ಆ ಕಡೆಯಿಂದ ಉತ್ತರ ಬರಲಿಲ್ಲ. ಬ್ಯಾಟರಿಯ ಮೇಲೆ ರೇಕು ಮುಚ್ಚಿಕೊಂಡಿತು.

ಆ ಕಡೆ ಪುಟ್ಟುವೂ ಹೇಳದೆ ಒಂದು ಕೆಲಸ ಮಾಡಿದ್ದ. ಜೋತಾಡುವ ತಂತಿ ಕಡಿಮೆ ಇರಲಿ ಎಂದು ನಿರ್ದೇಶಕರು ಹೇಳಿದ್ದರಿಂದ, ಮದ್ದಿಗೂ ಪ್ರೊಪೆಲ್ಲರಿಗೂ ಕರೆಂಟು ವಾಪಸು ಹೋಗಲು ಒಂದೇ ತಂತಿ ಇಟ್ಟಿದ್ದ. ಹೊಟ್ಟೆಯ ತೂತಿನಿಂದ ಎರಡು ತಂತಿ ಹೊರಬರುತ್ತಿದ್ದವು, ಒಂದು ಮದ್ದಿಗೆ ಕರೆಂಟು ಒಯ್ಯುವುದು, ಇನ್ನೊಂದು ವಾಪಸಿನದು. ಎರಡಕ್ಕೂ ತೂತಿನ ಹತ್ತಿರವೇ ಗಂಟು ಹಾಕಿ, ಗಂಟುಗಳನ್ನು ಟೇಪು ಸುತ್ತದೆ ಬರಿದೇ ಬಿಟ್ಟಿದ್ದ. ಅತ್ತಿಗೆ ವಾರ್ನಿಷ್ ಹೊಡೆದೇ ಇರುತ್ತಾಳೆ, ಅದು ಕರೆಂಟು ತಡೆಯುತ್ತದೆ, ರೇಕಿಗೆ ತಗುಲಿದರೂ ಏನಾಗುವುದಿಲ್ಲ ಎಂದುಕೊಂಡಿದ್ದ.

ಚಿತ್ರೀಕರಣದ ದಿನ ಬಂತು. ಕಿಟಕಿಯೇ ಇಲ್ಲದ ದೊಡ್ಡ ಹಾಲ್. ಗೋಡೆಯ ಉದ್ದಕ್ಕೂ ಮೋಡ ಬರೆದ ಪರದೆ. ಅದರ ಮುಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಲ್ಲಿ ವಿಮಾನ ತೂಗುತ್ತಿತ್ತು. ದೀಪಗಳು ಹತ್ತಿಕೊಂಡವು. ಪರದೆಯ ಮೋಡಗಳೆಲ್ಲ ರೆಕ್ಕೆಯ ಮೇಲೆ ತೇಲುತ್ತಿದ್ದವು. ಪ್ರೊಪೆಲ್ಲರ್ ತಿರುಗಿಸಿ ನೋಡಿದರು, ನಿಲ್ಲಿಸಿದರು. ಎಲ್ಲ ಸರಿಯಿತ್ತು. ಅಷ್ಟರಲ್ಲಿ ಕ್ಯಾಮೆರಾದಲ್ಲಿ ಕಣ್ಣಿಟ್ಟಿದ್ದ ನಿರ್ದೇಶಕರು, "ಹೊಟ್ಟೆ ಕೆಳಗೆ ಏನೋ ಜೋತಾಡ್ತಿದೆ ನೋಡಿ," ಎಂದರು.

ದೀಪದ ಕಾವಿಗೆ ಅಂಟು ಇಳಿದು ಒಂದು ಚೌಕ ರೇಕು ಬಿಚ್ಚಿಕೊಂಡಿತ್ತು. ರೇಕಕ್ಕ ಎಂದಿನಂತೆ ಮುಂಗೈಗೆ ಟೇಪಿನ ತುಂಡುಗಳನ್ನು ಅಂಟಿಸಿಕೊಂಡು, ಚಿಮಟ ತೆಗೆದುಕೊಂಡು ಏಣಿಯ ಹತ್ತಿರ ಬಂದಳು.

"ಹತ್ತಬಹುದಾ ಕೇಳಿ," ಎಂದಳು ದೀಪದಣ್ಣನಿಗೆ.

ಪುಟ್ಟು ತನ್ನ ಕಪ್ಪು ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ. ಸಿಡಿಸುವ ಗುಂಡಿ ಇದ್ದದ್ದು ಆ ಪೆಟ್ಟಿಗೆಯಲ್ಲಿ. ಅವನು ಜೇಬು ತಟ್ಟಿಕೊಂಡ. "ಪೆಟ್ಟಿಗೆ ಕೀಲಿ ನನ್ನ ಹತ್ರ ಇದೆ. ಹತ್ತಲಿ."

ಆಕೆ ಹತ್ತಿದಳು. ವಿಮಾನದ ಹೊಟ್ಟೆ ಮುಖದಿಂದ ಗೇಣು ದೂರದಲ್ಲಿತ್ತು. ಎಡ ಹೆಬ್ಬೆರಳಿನಿಂದ ಬಿಚ್ಚಿದ ರೇಕನ್ನು ಮೇಲಕ್ಕೆ ಒತ್ತಿದಳು. ಅಡ್ಡ ಬರುತ್ತಿದ್ದ ತಂತಿಯನ್ನು ಚಿಮಟದಿಂದ ಸರಿಸಹೋದಳು. ಚಿಮಟದ ತುದಿ ಒಂದು ಕಡೆ ಗಂಟಿಗೂ ಇನ್ನೊಂದು ಕಡೆ ರೇಕಿಗೂ ತಗುಲಿತು. ಸಾಸಿವೆ ಕಾಳಿನಷ್ಟು ನೀಲಿ ಕಿಡಿ ಚಿಟ್ಟೆಂದಿತು.

ರೇಕಕ್ಕ ಅಲ್ಲಾಡಲಿಲ್ಲ. ಚಿಮಟವನ್ನು ಮೆಲ್ಲಗೆ ಹಿಂದಕ್ಕೆ ತಂದಳು.

"ಪುಟ್ಟು," ಎಂದಳು.

ದೀಪದಣ್ಣ ಪುಟ್ಟುವಿನ ಕಡೆ ತಿರುಗಿ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಈ ಮಾತನ್ನು ದಾಟಿಸಲು ಯಾರೂ ಬೇಕಿರಲಿಲ್ಲ.

"ಪುಟ್ಟು, ರೇಕಿನಲ್ಲಿ ಕರೆಂಟಿದೆ."

ಪುಟ್ಟುವಿಗೆ ತಕ್ಷಣ ಹೊಳೆಯಿತು. ಪ್ರೊಪೆಲ್ಲರಿನ ತಂತಿ ಮೂಗಿನೊಳಗೆ ಎಲ್ಲೋ ಉಜ್ಜಿ ಸಿಪ್ಪೆ ಸುಲಿದುಕೊಂಡಿರಬೇಕು. ಬಾಲದ ಸ್ವಿಚ್ಚು ಆರಿಸಿದ್ದರೂ ಅದು ತಡೆಯುವುದು ಪ್ರೊಪೆಲ್ಲರನ್ನಷ್ಟೇ, ಬ್ಯಾಟರಿಯ ಕರೆಂಟು ಈಗ ವಿಮಾನದ ಇಡೀ ಮೈಗೆ ಹರಿಯುತ್ತಿತ್ತು. ಆ ಮೈ ಮದ್ದಿನ ತಂತಿಗೆ ತಗುಲಿದರೆ ಸಾಕು, ಪೆಟ್ಟಿಗೆಯೂ ಬೇಡ, ಕೀಲಿಯೂ ಬೇಡ.

"ವಾರ್ನಿಷ್ ಹೊಡೆದಿಲ್ವಾ?"

"ಇಲ್ಲ."

"ಕಿಡಿ ಬಂದದ್ದು ಯಾವ ಗಂಟಲ್ಲಿ?"

"ಎಡಗಡೆದು."

"ಅದು ವಾಪಸಿನ ತಂತಿ, ಪರವಾಗಿಲ್ಲ. ಬಲಗಡೆ ಗಂಟು ಮದ್ದಿಂದು. ಅದಕ್ಕೆ ರೇಕು ತಾಗಬಾರದು."

"ಬಿಚ್ಚಿದ ರೇಕು ಅದರ ನೇರ ಮೇಲ್ಗಡೆ ಇದೆ. ಹೆಬ್ಬೆರಳಲ್ಲಿ ಒತ್ತಿ ಹಿಡಿದಿದೀನಿ. ಬಿಟ್ರೆ ನೇರ ಗಂಟಿನ ಮೇಲೆ ಬೀಳುತ್ತೆ."

ಪುಟ್ಟು ತಿರುಗಿ, ಜೋರು ಮಾಡದೆ, "ಎಲ್ಲರೂ ಹೊರಗೆ ಹೋಗಿ. ಓಡಬೇಡಿ. ನೆಲ ಅದುರಬಾರದು," ಎಂದ.

"ಏನಾಯ್ತು? ಸಂಜೆಗೆ ಹಾಲ್ ಬಿಟ್ಟುಕೊಡಬೇಕು," ಎಂದರು ನಿರ್ದೇಶಕರು.

"ಹೋಗಿ ಸಾರ್." ಆ ಎರಡು ಮಾತು ಕೇಳಿ ಅವರು ಮತ್ತೆ ಕೇಳಲಿಲ್ಲ.

ದೀಪದಣ್ಣ ಬಾಗಿಲ ಬಳಿ ನಿಂತು, "ಲೈಟ್ ಆರಿಸಲಾ? ಕಾವು ಜಾಸ್ತಿ ಆಗ್ತಿದೆ," ಎಂದ.

"ಬೇಡ," ಎಂದರು ಇಬ್ಬರೂ ಒಟ್ಟಿಗೆ.

ಪುಟ್ಟು ಇನ್ನೊಂದು ಏಣಿ ತಂದು, ಎತ್ತಿ, ಸದ್ದಿಲ್ಲದೆ ಇಟ್ಟ. ಹತ್ತಿ ಆಕೆಯ ಎದುರಿಗೆ ಬಂದ. ಇಬ್ಬರ ಮುಖಗಳ ನಡುವೆ ವಿಮಾನದ ಹೊಟ್ಟೆ.

"ನೀವು ಇಳಿದುಬಿಡಿ, ನಾನು ಹಿಡ್ಕೋತೀನಿ," ಎಂದ.

"ಬೆರಳು ಬದಲಾಯಿಸೋವಾಗ್ಲೇ ಜಾರುತ್ತೆ. ಅಂಟು ನೀರಾಗಿದೆ."

"ತಂತಿ ಎಳೆದು ದೂರ ಮಾಡೋಣ ಅಂದ್ರೆ ಒಳಗೆ ಇನ್ನೊಂದು ಗಂಟಿದೆ. ಅದು ಎಲ್ಲಿ ಹೋಗಿ ತಾಗುತ್ತೋ ಗೊತ್ತಿಲ್ಲ." ಅವನು ತುಟಿ ಒದ್ದೆ ಮಾಡಿಕೊಂಡ. "ಬ್ಯಾಟರಿ ಕೀಳೋಣ ಅಂದ್ರೆ ಬಾಗಿಲಿಲ್ಲ."

"ಗೊತ್ತು."

"ಹಾಗಾದ್ರೆ ವಾಪಸಿನ ತಂತೀನೇ ಕತ್ತರಿಸಬೇಕು. ಗಂಟಿಗಿಂತ ಮೇಲೆ, ತೂತಿನ ಬಾಯಲ್ಲಿ. ಅದು ತುಂಡಾದ್ರೆ ಮದ್ದಿನಿಂದ ಕರೆಂಟು ವಾಪಸು ಹೋಗೋಕೆ ದಾರಿನೇ ಇಲ್ಲ, ಸಿಡಿಯಲ್ಲ."

"ನಿನ್ನ ಇಕ್ಕಳ ಕಬ್ಬಿಣದ್ದು. ಅದೇ ಹೋಗಿ ರೇಕಿಗೂ ಆ ಬಲಗಡೆ ಗಂಟಿಗೂ ಒಟ್ಟಿಗೆ ತಾಗಿದ್ರೆ?"

ಇಕ್ಕಳ ಹಿಡಿದ ಪುಟ್ಟುವಿನ ಕೈ ಆಗಲೇ ಅರ್ಧ ದಾರಿ ಬಂದಿತ್ತು.

"ಆತುರ ಬೇಡ," ಎಂದಳು. ಬಾಯಿಗೆ ಬಂದ ಮೇಲೆ ಆ ಶಬ್ದ ಇಬ್ಬರಿಗೂ ಕೇಳಿಸಿತು. ಅವನ ಕೈ ನಿಂತಿತು. ಆಕೆ ಉಸಿರು ತೆಗೆದುಕೊಂಡು ಮುಂದುವರಿಸಿದಳು. "ನನ್ನ ಮುಂಗೈ ನೋಡು. ಟೇಪಿದೆ. ಇಕ್ಕಳದ ಬಾಯಿಗೆ ಸುತ್ತು. ಅಂಚು ಮಾತ್ರ ಹೊರಗಿರ್ಲಿ."

ಅವನು ಆಕೆಯ ಮುಂಗೈಯಿಂದ ಟೇಪಿನ ತೇಪೆಗಳನ್ನು ಒಂದೊಂದಾಗಿ ಬಿಡಿಸಿದ. ಇಕ್ಕಳಕ್ಕೆ ಸುತ್ತಿದ. ಒಂದು ಉದ್ದನೆ ತುಂಡು ಉಳಿಯಿತು.

"ಅದನ್ನ ಬಿದಿರುಕಡ್ಡಿ ತುದಿಗೆ ಸಿಕ್ಕಿಸಿ ನನ್ನ ಬೆರಳಿಗೂ ಬಲಗಡೆ ಗಂಟಿಗೂ ಮಧ್ಯ ತೂರಿಸು. ಕಡ್ಡಿ ನನ್ನ ಸೊಂಟದ ಚೀಲದಲ್ಲಿದೆ. ಅಂಟಿನ ಮೈ ಕೆಳಗೆ. ರೇಕಿಗೆ ಅಂಟಿದ್ರೆ ರೇಕೇ ಎದ್ದು ಬರುತ್ತೆ."

ಕಡ್ಡಿ ಹತ್ತಿರ ಬಂತು. ರೇಕಕ್ಕನ ಹೆಬ್ಬೆರಳು ಬೆವರಿ ರೇಕಿನ ಮೇಲೆ ಎಳ್ಳಷ್ಟು ಜಾರಿತು. ರೇಕಿನ ಅಂಚು ಸಣ್ಣಗೆ ಬಾಗಿ, ಗಂಟಿನ ಕಡೆ ಮೂತಿ ಮಾಡಿ ನಿಂತಿತು. ಇನ್ನು ಒಂದು ಕೂದಲೆಳೆ.

"ಅತ್ತಿಗೆ."

"ಕಾಣ್ತಿದೆ. ನೀನು ಕಡ್ಡಿ ನೋಡು, ನನ್ನ ಬೆರಳು ನೋಡ್ಬೇಡ."

ಟೇಪು ಒಳಗೆ ಸೇರಿತು. ಗಂಟಿನ ಮೇಲೆ ಕವಿದು ಕೂತಿತು. ಅದಾದ ಕ್ಷಣವೇ ರೇಕಿನ ಅಂಚು ಬೆರಳಿನಿಂದ ತಪ್ಪಿಸಿಕೊಂಡು ಕೆಳಗೆ ಬಿತ್ತು. ಬಿದ್ದದ್ದು ಟೇಪಿನ ಮೇಲೆ. ಇಬ್ಬರೂ ಕಣ್ಣು ಮುಚ್ಚಿಕೊಂಡಿದ್ದರು. ಏನೂ ಆಗಲಿಲ್ಲ.

ಪುಟ್ಟು ಇಕ್ಕಳವನ್ನು ತೂತಿನ ಬಾಯಿಗೆ ಒಯ್ದ. ಈ ಸಲ ಕೈ ನಿಧಾನಕ್ಕೆ ಹೋಯಿತು, ಎಷ್ಟು ನಿಧಾನವೆಂದರೆ ಬೇಗ ಮುಗಿಸು ಎಂದು ಕೂಗಬೇಕೆನಿಸಿತು ರೇಕಕ್ಕನಿಗೆ. ಟಕ್ಕೆಂದು ಸದ್ದು. ತಂತಿ ತುಂಡಾಗಿ ಜೋತುಬಿತ್ತು.

ಇಳಿದ ಮೇಲೆ ಆಕೆ ಏಣಿಯ ಬುಡದಲ್ಲೇ ಕೂತಳು. ಅವನೂ ಎದುರಿಗೆ ನೆಲದ ಮೇಲೆ ಕೂತ. ದೀಪದಣ್ಣ ದೀಪಗಳನ್ನು ಒಂದೊಂದಾಗಿ ಆರಿಸಿ, ಒಂದನ್ನು ಮಾತ್ರ ಉಳಿಸಿ, ಹೊರಗೆ ಹೋದ. "ಇವತ್ತು ಆಗಲ್ಲ ಸಾರ್," ಎಂದು ನಿರ್ದೇಶಕರಿಗೆ ಹೇಳುವುದು ಬಾಗಿಲಾಚೆಯಿಂದ ಕೇಳಿಸಿತು.

"ಆವತ್ತು ಆ ಹುಡುಗಿ ಅಮ್ಮ ಕೇಳಿದ್ದು ನಿಮ್ಮನ್ನ," ಎಂದ ಪುಟ್ಟು. "ನೀವು ನನ್ನ ಹತ್ರ ಒಂದು ಮಾತೂ ಹೇಳ್ಲಿಲ್ಲ. ಬೇರೆಯವರ ಬಾಯಿಂದ ನನಗೆ ಗೊತ್ತಾಯ್ತು."

"ಹೌದು. ಅದು ನಿನ್ನ ಮುಂದೇನೇ ಹೇಳ್ಬೇಕಾಗಿದ್ದ ಮಾತು. ನಿನ್ನ ಬೆನ್ನ ಹಿಂದೆ ಹೇಳಿದೆ."

"ಇವತ್ತು ಯಾರಾದ್ರೂ ಬಂದು ಅದನ್ನೇ ಕೇಳಿದ್ರೆ ಏನು ಹೇಳ್ತೀರಿ?"

ಆಕೆ ತನ್ನ ಹೆಬ್ಬೆರಳು ನೋಡಿಕೊಂಡಳು. ರೇಕಿನ ಅಂಚು ಅಲ್ಲಿ ಕೆಂಪಗೆ ಗೀರಿತ್ತು. "ಇವತ್ತೂ ಅದನ್ನೇ ಹೇಳ್ತೀನಿ ಪುಟ್ಟು. ಗಂಟು ಬರಿದೇ ಬಿಟ್ಟಿದ್ದು ನೀನು. ಆದ್ರೆ ಬಾಗಿಲು ಮುಚ್ಚಿದ ಅತ್ತಿಗೆ ಒಬ್ಬಳಿದ್ದಾಳೆ, ವಾರ್ನಿಷ್ ವಿಷಯ ಬಾಯಿಬಿಡದವಳು, ಅವಳನ್ನೂ ನಂಬಬೇಡಿ ಅಂತೀನಿ."

ಪುಟ್ಟು ನಗಲಿಲ್ಲ. "ಅವಳಿಗೆ ಬೇರೆ ಕಡೆ ಮದುವೆ ನಿಶ್ಚಯ ಆಯ್ತು," ಎಂದ. ರೇಕಕ್ಕ ಎದ್ದು ಬಂದು ಅವನ ಪಕ್ಕದಲ್ಲಿ ಕೂತಳು.

ಆಮೇಲೆ ಇಬ್ಬರೂ ಸೇರಿ ವಿಮಾನವನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದರು. ಪುಟ್ಟು ಮದ್ದಿನ ಪೊಟ್ಟಣವನ್ನು ಬಿಡಿಸಿ ಹೊರಗೆ ತೆಗೆದಿಟ್ಟ. ರೇಕಕ್ಕ ಚಾಕು ಹಿಡಿದು, ರೆಕ್ಕೆಯ ಬುಡದಲ್ಲಿ ತಾನು ದಿನವೆಲ್ಲ ಉಜ್ಜಿ ಕೂರಿಸಿದ್ದ ಚೌಕವನ್ನೇ ಅಳತೆಯಿಲ್ಲದೆ ಕೊಯ್ದಳು. "ಇಷ್ಟು ಸಾಕಾ?" "ಇನ್ನೊಂಚೂರು. ಕೈ ಹೋಗ್ಬೇಕು." ಅವನು ಕೈ ತೂರಿಸಿ ಬ್ಯಾಟರಿ ಕಿತ್ತ. ಮೂಗಿನೊಳಗಿನ ಸುಲಿದ ತಂತಿಯನ್ನು ಆಕೆಗೆ ತೋರಿಸಿದ. ಎರಡಕ್ಕೂ ಬೇರೆ ಬೇರೆ ತಂತಿ ಎಳೆದು, ಗಂಟುಗಳಿಗೆಲ್ಲ ಕರೆಂಟು ತಡೆಯುವ ಸುತ್ತುಪಟ್ಟಿ ಸುತ್ತಿ, ಸುತ್ತಿದ್ದನ್ನು ಆಕೆಗೆ ಒಂದೊಂದಾಗಿ ಮುಟ್ಟಿಸಿದ.

ಹಾಲ್ ಇನ್ನೊಂದು ದಿನಕ್ಕೆ ಸಿಕ್ಕಿತು, ಮರುದಿನ ಮಧ್ಯಾಹ್ನ ಕ್ಯಾಮೆರಾ ಓಡಿತು. ಬಾಗಿಲಿನ ಗೆರೆ ಕಂಡರೂ ಪರವಾಗಿಲ್ಲ ಎಂದು ನಿರ್ದೇಶಕರೇ ಒಪ್ಪಿದ್ದರು. ಪ್ರೊಪೆಲ್ಲರ್ ತಿರುಗಿತು, ಮೋಡಗಳು ರೆಕ್ಕೆಯ ಮೇಲೆ ಹರಿದವು, ಪುಟ್ಟು ಕೀಲಿ ತಿರುಗಿಸಿ ಅತ್ತಿಗೆಯ ಕಡೆ ನೋಡಿದ. ಆಕೆ ತಲೆಯಾಡಿಸಿದಳು. ವಿಮಾನ ಹೊಟ್ಟೆಯಿಂದ ಅರಳಿಕೊಂಡು ಕಿತ್ತಳೆ ಬಣ್ಣಕ್ಕೆ ತಿರುಗಿ, ಒಂದು ರೆಕ್ಕೆ ಕಳಚಿಕೊಂಡು ಕೆಳಗೆ ಹಾಸಿದ್ದ ಮರಳಿಗೆ ಬಿತ್ತು. ವಾರಗಟ್ಟಲೆ ಮಾಡಿದ್ದು ಮುಗಿಯಲು ಒಂದು ಕೆಮ್ಮು ಕೆಮ್ಮುವಷ್ಟು ಹೊತ್ತೂ ಹಿಡಿಯಲಿಲ್ಲ. ಚೆನ್ನಾಗಿ ಬಂತು ಎಂದರು.

ಪುಟ್ಟು ಮರಳು ಸುರಿದು ಬೆಂಕಿ ಪೂರ್ತಿ ಆರಿದ್ದನ್ನು ಎರಡು ಸಲ ನೋಡಿದ. ಆಮೇಲೆ ಬಂದು ಆಕೆಯ ಹತ್ಯಾರದ ಪೆಟ್ಟಿಗೆ ಎತ್ತಿಕೊಂಡ.

"ಅಮ್ಮ ಮನೇಲಿದಾರಾ?"

"ಇದಾರೆ. ಸಿಕ್ಕಾಪಟ್ಟೆ ಬೈತಾರೆ."

"ಬೈಲಿ," ಎಂದು ಅವನು ಪೆಟ್ಟಿಗೆಯನ್ನು ಭುಜಕ್ಕೇರಿಸಿ ಬಾಗಿಲ ಕಡೆ ನಡೆದ.