ಕೇಬಲ್ ಹಿಡಿಸದ ಸೆಟ್

ವಿಮಾನ ಕ್ಲಬ್ಬಿನ ಗುರು ಫೂ ತಾನೂ ಅಂಗಡಿಗೆ ಬರುತ್ತೇನೆ ಎಂದಾಗಲೇ ಸೂಕ್ ಯಿನ್‌ಗೆ ಮೈ ಉರಿದಿತ್ತು. ಬೇಡ ಎನ್ನುವ ಹಾಗಿರಲಿಲ್ಲ. ಬಾತು ಗಾಜಾದ ಹಳೇ ತವರದ ಗಣಿಯ ಬಯಲಿನಲ್ಲಿ ಮಾದರಿ ವಿಮಾನ ಹಾರಿಸುವವರು ಯಾರೇ ತಮ್ಮ ಮೊದಲ ಸೆಟ್ಟು, ಅಂದರೆ ನೆಲದಲ್ಲಿ ನಿಂತು ವಿಮಾನ ನಡೆಸುವ ಟ್ರಾನ್ಸ್‌ಮಿಟರ್ ಕೊಳ್ಳಲಿ, ಇಪೋದ ಗುಣಾಳನ್ ಅಂಗಡಿಗೆ ಫೂ ಖುದ್ದಾಗಿ ಹೋಗಿ, ಗಾಜಿನ ಮೇಲೆ ಬೆರಳಿಟ್ಟು "ಇದು" ಎನ್ನಬೇಕು. ಮೂವತ್ತು ವರ್ಷದ ಪದ್ಧತಿ. ಮದುವೆಗೆ ಹೆಣ್ಣು ತೋರಿಸುವ ದಲ್ಲಾಳಿಯೂ ಇಷ್ಟು ಅಧಿಕಾರ ಚಲಾಯಿಸುವುದಿಲ್ಲ. ಎದುರಿಗೆ ಎಲ್ಲರೂ ಅವನನ್ನು ಅಂಕಲ್ ಎನ್ನುತ್ತಿದ್ದರು. ಸೂಕ್ ಯಿನ್ ಮನಸ್ಸಿನೊಳಗೆ ಮಾತ್ರ ಏಕವಚನದಲ್ಲೇ ಬೈಯುತ್ತಿದ್ದಳು.

ಬೈಯದೆ ಏನು ಮಾಡುತ್ತಾಳೆ? ಎರಡು ವರ್ಷ ಆಗುತ್ತಾ ಬಂತು, ಕಲಿಯುತ್ತಲೇ ಇದ್ದಾಳೆ. ಅವಳಾದ ಮೇಲೆ ಬಂದ ಹದಿನಾಲ್ಕು ಜನ ಫೂನಿಂದ ಸಹಿ ಹಾಕಿಸಿಕೊಂಡು ಒಬ್ಬೊಬ್ಬರೇ ಹಾರಿಸುತ್ತಿದ್ದಾರೆ. ಅವಳು ಇನ್ನೂ ಕೇಬಲ್ಲಿನ ತುದಿಯಲ್ಲಿದ್ದಾಳೆ. ಶಿಷ್ಯರ ಸೆಟ್‌ನಿಂದ ಫೂ ಸೆಟ್‌ಗೆ ಒಂದು ಕಪ್ಪು ಕೇಬಲ್. ಫೂ ಬೆರಳು ಒಂದು ಗುಂಡಿಯ ಮೇಲೆ. ವಿಮಾನ ಇಳಿಯಲು ಬಂದು ಸ್ವಲ್ಪ ಅಲುಗಿದರೆ ಸಾಕು, "ಬಿಡು!" ಎಂದು ಕೂಗಿ ಗುಂಡಿ ಬಿಡುತ್ತಾನೆ. ಆಗ ವಿಮಾನ ಅವನದಾಗುತ್ತದೆ. ಶಿಷ್ಯರು ತಮ್ಮ ಸೆಟ್ಟಿನ ಎರಡು ಸ್ಟಿಕ್‌ಗಳ ಮೇಲಿಂದ ಹೆಬ್ಬೆರಳು ಎತ್ತಿ ಪೆಚ್ಚಾಗಿ ನಿಲ್ಲಬೇಕು. ಅವಳ ಒಂದೇ ಒಂದು ಇಳಿತವೂ ಆ "ಬಿಡು" ಇಲ್ಲದೆ ಮುಗಿದಿರಲಿಲ್ಲ. ಎರಡು ವರ್ಷದೊಳಗೆ ಒಬ್ಬರೇ ಮೂರು ಸಲ ಇಳಿಸಿ ತೋರಿಸಿ ಗುರುವಿನ ಸಹಿ ಪಡೆಯದಿದ್ದರೆ ಕ್ಲಬ್ಬಿನಿಂದ ಹೆಸರು ತೆಗೆಯುತ್ತಾರೆ. ಅವಳಿಗೆ ಉಳಿದಿದ್ದು ಏಳು ವಾರ. ಹನ್ನೊಂದು ತಿಂಗಳು ಕೂತು ತಾನೇ ಕಟ್ಟಿದ ಹಳದಿ ರೆಕ್ಕೆಯ ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ.

"ಇದು," ಅಂದ ಫೂ, ಗಾಜಿನ ಮೇಲೆ ಬೆರಳಿಟ್ಟು. ಪರದೆಯಿಲ್ಲದ ಸಾದಾ ಸೆಟ್. "ಕಂಪ್ಯೂಟರ್ ಗಿಂಪ್ಯೂಟರ್ ಎಲ್ಲಾ ನಿನಗ್ಯಾಕೆ? ಹತ್ತು ವಿಮಾನ ನೆನಪಿಟ್ಕೊಳ್ಳುತ್ತಂತೆ! ನಿನಗೆ ಇರೋದೇ ಒಂದು, ಅದೂ ಹಾರಲ್ಲ. ನನ್ನ ಕೇಬಲ್ ಇದಕ್ಕೆ ಹಿಡಿಸುತ್ತೆ. ಅಷ್ಟು ಸಾಕು."

"ಏಳು ವಾರ ಆದ್ಮೇಲೂ ಕೇಬಲ್ ಬೇಕಾ ಅಂಕಲ್?"

"ನಿನಗೆ ಜನ್ಮಪೂರ್ತಿ ಬೇಕು." ಫೂ ಅವಳ ಎಡಗೈ ನೋಡಿ ನಕ್ಕ. ಆರು ವರ್ಷದ ಹಿಂದೆ, ಅವಳ ಐಸ್ ಕಚಾಂಗ್ ಅಂಗಡಿಯಲ್ಲಿ, ಐಸು ತುರಿಯುವ ಯಂತ್ರ ಎಡ ಹೆಬ್ಬೆರಳಿನ ಮೇಲಿನ ಗೆಣ್ಣನ್ನು ತಿಂದುಹಾಕಿತ್ತು. ಉಳಿದ ತುಂಡು ಸರಿಯಾಗಿ ಮಡಚುತ್ತಿರಲಿಲ್ಲ. "ಅರ್ಧ ಬೆರಳಿನೋರು ಐಸು ತುರೀಬೇಕು. ವಿಮಾನ ಅಲ್ಲ."

ಸೂಕ್ ಯಿನ್ ಗುಣಾಳನ್ ಕಡೆ ತಿರುಗಿದಳು. "ಇವರ ಕೇಬಲ್ ಯಾವ ಸೆಟ್‌ಗೆ ಹಿಡಿಸಲ್ಲ?"

ಗುಣಾಳನ್ ಕಣ್ಣರಳಿಸಿದ. ಎಷ್ಟು ವರ್ಷದಿಂದ ಈ ಪ್ರಶ್ನೆಗೆ ಕಾದಿದ್ದನೋ! "ಇದೋ ಇದಕ್ಕೆ ಅಕ್ಕಾ. ಕಂಪ್ಯೂಟರ್ ಸೆಟ್."

"ಅದನ್ನೇ ಕೊಡು."

ಫೂ ಮುಖ ಕೆಂಪಾಯಿತು. "ಹಾಗಾದ್ರೆ ಮೈದಾನದಲ್ಲಿ ನನ್ನ ಹತ್ರ ಏನೂ ಕೇಳ್ಬೇಡ. ಏನೂ ಹೇಳಲೂಬೇಡ. ಬಾ, ಮೂರು ಸಲ ಇಳಿಸಿ ತೋರಿಸು, ನೋಡ್ತೀನಿ," ಎಂದು ಬಾಗಿಲು ದೂಡಿಕೊಂಡು ಹೋದ.

ಅವನು ಹೋದ ಮೇಲೆ ಗುಣಾಳನ್ ಸೆಟ್ ತೆಗೆದು ಕೈಗೆ ಕೊಟ್ಟ. "ಒಂದು ಮಾತು ಅಕ್ಕಾ, ಬೇಜಾರಾಗಬೇಡಿ. ಇಳಿಸುವಾಗ ವಿಮಾನದ ಮೂತಿ ಕುಣಿಯುತ್ತಾ?"

"ಕಪ್ಪೆ ಥರ."

"ಕುಣೀದೆ ಇನ್ನೇನು! ಅಂಕಲ್ ಫೂ ಎಲ್ಲರಿಗೂ ತನ್ನ ಥರಾನೇ ಕಲಿಸಿದ್ದಾರೆ. ಮೂತಿ ಎತ್ತೋದು ಇಳಿಸೋದು ಎಡ ಹೆಬ್ಬೆರಳಿಗೆ, ಎಂಜಿನ್ನು ಬಲಕ್ಕೆ. ಅರ್ಧ ಲೋಕ ಇದರ ಉಲ್ಟಾ ಹಾರಿಸುತ್ತೆ. ಮೂತಿ ಬಲಕ್ಕೆ, ಎಂಜಿನ್ನು ಎಡಕ್ಕೆ. ಈ ಸೆಟ್ಟಲ್ಲಿ ಅದಲು ಬದಲು ಮಾಡಬಹುದು. ಸ್ಟಿಕ್ಕನ್ನ ಮಧ್ಯಕ್ಕೆ ಎಳೆಯೋ ಸ್ಪ್ರಿಂಗು ಒಳಗಿದೆ, ಅದನ್ನ ಎಡದಿಂದ ಬಲಕ್ಕೆ ಹಾಕಿಕೊಟ್ಟರೆ ಆಯ್ತು."

ಸೂಕ್ ಯಿನ್ ಸೆಟ್ಟನ್ನು ಗಾಜಿನ ಮೇಲಿಟ್ಟಳು. ಎರಡು ವರ್ಷ! ಎರಡು ವರ್ಷ ತನ್ನ ಬುದ್ಧಿಯನ್ನೇ ಹಳಿದುಕೊಂಡಿದ್ದಳು. ಆ ಮನುಷ್ಯ ಅವಳ ಮೊಂಡು ಬೆರಳು ನೋಡುತ್ತಲೇ ಇದ್ದ, ನಗುತ್ತಲೇ ಇದ್ದ, ಇಷ್ಟು ಮಾತು ಹೇಳಿರಲಿಲ್ಲ.

"ಸ್ಕ್ರೂಡ್ರೈವರ್ ತಗೋ," ಅಂದಳು.

ಆರು ವಾರ ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ, ಅಂಗಡಿಯ ಮೇಜಿನ ಮೇಲೆ ತಂಗಿಯ ಲ್ಯಾಪ್‌ಟಾಪ್ ಇಟ್ಟು, ಸೆಟ್ಟನ್ನು ಅದಕ್ಕೆ ಜೋಡಿಸಿ, ಪರದೆಯ ಮೇಲಿನ ವಿಮಾನ ಹಾರಿಸಿದಳು. ಮೊದಲ ವಾರ ದಿನಕ್ಕೆ ನಲವತ್ತು ಸಲ ಬೀಳಿಸಿದಳು. ಹಳೇ ರೂಢಿ ಕೈ ಬಿಡಬೇಕಲ್ಲ! ಐದನೇ ವಾರಕ್ಕೆ ಮೂತಿಯ ಕುಣಿತ ನಿಂತಿತು. ಎಂಜಿನ್ನನ್ನು ಮೆಲ್ಲಗೆ ಮೇಲಕ್ಕೆ ಕೆಳಕ್ಕೆ ತಳ್ಳುವುದಕ್ಕೆ ಮೊಂಡು ಬೆರಳು ಧಾರಾಳ ಸಾಕಾಗಿತ್ತು.

ಕೊನೆಯ ಭಾನುವಾರ ಬೆಳಿಗ್ಗೆ ಹಳೇ ಗಣಿಯ ಬಿಳಿ ಮರಳಿನ ಬಯಲಿನಲ್ಲಿ ಇಡೀ ಕ್ಲಬ್ಬು ನೆರೆದಿತ್ತು. ಜಗಳ ಇದೆ ಎಂದರೆ ಯಾರು ತಾನೇ ತಪ್ಪಿಸಿಕೊಳ್ಳುತ್ತಾರೆ? ಕಾರ್ಯದರ್ಶಿ ಜಮಾಲ್ ಸಹಿ ಪುಸ್ತಕ ಹಿಡಿದು ನಿಂತಿದ್ದ.

"ಅಂಕಲ್, ನನ್ನ ಸೆಟ್ಟಲ್ಲಿ ಒಂದು ವಿಷಯ..." ಎಂದು ಶುರುಮಾಡಿದಳು ಸೂಕ್ ಯಿನ್.

"ಅವತ್ತೇ ಹೇಳಿದೀನಿ. ನನಗೆ ಪಾಠ ಮಾಡಬೇಡ. ಹಾರಿಸು."

ಹಳದಿ ವಿಮಾನ ಏರಿತು. ಸುತ್ತಿ ಬಂದು ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಫೂ ತುಟಿ ಕಚ್ಚಿಕೊಂಡ. ಮೂರನೇ ಸಲ ಇಳಿಯಲು ಬರುವಾಗ ಬಯಲಂಚಿನ ಕೆರೆಯ ಕಡೆಯಿಂದ ಗಾಳಿ ನುಗ್ಗಿ ಬಲ ರೆಕ್ಕೆ ಎತ್ತಿತು.

"ಬಿಡು!" ಎಂದು ಗುಡುಗಿದ ಫೂ.

ಸೂಕ್ ಯಿನ್‌ಳ ಹೆಬ್ಬೆರಳುಗಳು ತಾವಾಗಿಯೇ ಮೇಲೆದ್ದವು. ಎರಡು ವರ್ಷದ ಅಭ್ಯಾಸ. ಬಿಟ್ಟರೆ ಹಿಡಿಯುವವರು ಇವತ್ತು ಯಾರೂ ಇಲ್ಲ, ಕೇಬಲ್ಲೇ ಇಲ್ಲ. ಪಾಪಿ, ಅದು ಗೊತ್ತಿದ್ದೂ ಕೂಗಿದ್ದ! ಅವಳು ಮತ್ತೆ ಸ್ಟಿಕ್ ಒತ್ತಿ ರೆಕ್ಕೆ ಸಮ ಮಾಡಿದಳು. ವಿಮಾನ ಒಮ್ಮೆ ಪುಟಿದು ಮರಳಿನ ಮೇಲೆ ಉರುಳಿ ನಿಂತಿತು.

"ಮೂರು," ಅಂದ ಜಮಾಲ್.

"ಎಂಥ ಮೂರು? ನಾನು ಬಿಡು ಅಂದೆ, ಬಿಡಲಿಲ್ಲ. ಮೇಲಾಗಿ ಸೆಟ್ಟಲ್ಲಿ ದೋಷ ಇದೆ, ವಿಮಾನ ಹೊಯ್ದಾಡಿದ್ದು ಎಲ್ಲರೂ ನೋಡಿದ್ರಲ್ಲ. ಹೊಸ ಸೆಟ್ಟನ್ನ ಗುರು ಹಾರಿಸಿ ನೋಡಬಹುದು ಅಂತ ನಿಯಮಾನೇ ಇದೆ. ತಾ ಇಲ್ಲಿ."

"ಹಿಡಿಯೋಕೆ ಮುಂಚೆ ಕೇಳಿ ಅಂಕಲ್, ಅದರಲ್ಲಿ..."

"ಬಾಯ್ಮುಚ್ಚು!" ಫೂ ಸೆಟ್ಟು ಕಿತ್ತುಕೊಂಡ.

ಅವಳು ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡಿದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು.

ಜಮಾಲ್ ವಿಮಾನದ ಬಾಲ ಹಿಡಿದು ಕುಕ್ಕರಗಾಲಲ್ಲಿ ಕೂತ. ಫೂ ಗತ್ತಿನಿಂದ ಬಲಗೈ ಸ್ಟಿಕ್ ಮುಂದಕ್ಕೆ ತಳ್ಳಿದ. ಎಂಜಿನ್ನು ಉಸಿರೆತ್ತಲಿಲ್ಲ. ಬಾಲದ ಹಲಗೆ ಮಾತ್ರ ಪಟ್ಟನೆ ಕೆಳಗೆ ಬಾಗಿತು. ಮತ್ತೆ ತಳ್ಳಿದ, ಮತ್ತೆ ಬಾಗಿತು. ಬಿಟ್ಟರೆ ಸ್ಟಿಕ್ ಮಧ್ಯಕ್ಕೆ ಹಾರಿ ನಿಲ್ಲುತ್ತಿತ್ತು. ಯಾರೋ ಕಿಸಕ್ಕೆಂದರು.

"ಬ್ಯಾಟರಿ ಸತ್ತಿದೆ," ಅಂದ ಫೂ. ಅವನ ಹಣೆಯಲ್ಲಿ ಬೆವರು.

ಸೂಕ್ ಯಿನ್ ಎಡಗೈ ಚಾಚಿ, ಅವನ ಕೈಯಲ್ಲೇ ಇದ್ದ ಸೆಟ್ಟಿನ ಎಡ ಸ್ಟಿಕ್ಕನ್ನು ಆ ಮೊಂಡು ಹೆಬ್ಬೆರಳಿನಿಂದ ಒಂದಿಷ್ಟು ಮೇಲೆ ನೂಕಿದಳು. ಎಂಜಿನ್ನು ಮೊರೆಯಿತು. ಜಮಾಲ್ ಮುಖಕ್ಕೆ ಮರಳು ರಾಚಿತು.

"ಕೈ ಬದಲಾಯಿಸಿದೀಯಾ?" ಫೂ ದನಿ ಇಳಿದಿತ್ತು. "ಹೇಳ್ಬಾರ್ದಿತ್ತಾ?"

"ಎರಡು ಸಲ ಹೇಳೋಕೆ ಬಂದೆ. ಇರಲಿ, ಈಗ ಗೊತ್ತಾಯ್ತಲ್ಲ. ಹಾರಿಸಿ."

ಬಯಲೆಲ್ಲ ನೋಡುತ್ತಿತ್ತು. ಫೂ ಹಾರಿಸಲಿಲ್ಲ. ಮೂವತ್ತು ವರ್ಷ ಒಂದೇ ಕಡೆ ಪಳಗಿದ ಹೆಬ್ಬೆರಳುಗಳು; ವಿಮಾನ ಏರಿಸಿದರೆ ಎರಡನೇ ಕ್ಷಣಕ್ಕೆ ಅದು ಕೆರೆಯೊಳಗಿರುತ್ತದೆ ಎಂದು ಅವನಿಗೇ ಚೆನ್ನಾಗಿ ಗೊತ್ತಿತ್ತು.

"ಬಿಡಿ ಅಂಕಲ್," ಅಂದಳು ಸೂಕ್ ಯಿನ್.

ಅವನು ಬಿಟ್ಟ.

ಜಮಾಲ್ ಐಸ್ ಪೆಟ್ಟಿಗೆಯ ಮೇಲೆ ಪುಸ್ತಕ ಬಿಚ್ಚಿಟ್ಟ. ಫೂ ಬಹಳ ಹೊತ್ತು ಪೆನ್ನು ಹಿಡಿದು ನಿಂತಿದ್ದು, ಕೊನೆಗೆ ಸಹಿ ಗೀಚಿದ. ಷರಾ ಎಂಬ ಅಂಕಣದಲ್ಲಿ "ಎಡಗೈ ದುರ್ಬಲ" ಎಂದು ಬರೆದು, ಕೇಬಲ್ ಸುತ್ತಿಕೊಂಡು ಕಾರಿನ ಕಡೆ ನಡೆದ. ಸಾಯುವವರೆಗೂ ಬಿಡುವವನಲ್ಲ ಬಿಡಿ.

ಸೂಕ್ ಯಿನ್ ಓದಿದಳು. ಪೆನ್ನು ಇಸಿದುಕೊಂಡು ಅದರ ಕೆಳಗೆ ತಾನೂ ಒಂದು ಸಾಲು ಬರೆದಳು: "ಎರಡು ವರ್ಷದಿಂದ ಗುರುವಿಗೆ ಗೊತ್ತಿತ್ತು."