ಬೈಗುಳ ನಿಂತ ಓಣಿ

ಮತದಾನಕ್ಕೆ ಇನ್ನು ನಾಲ್ಕೇ ದಿನ. ಹನಮಂತಪ್ಪ ಓಟಿನ ಚೀಟಿ ಹಂಚುತ್ತ ತನ್ನ ಓಣಿಗೆ ಬಂದ. ಆಳುವ ಪಕ್ಷಕ್ಕಾಗಿ ಇಪ್ಪತ್ತು ವರ್ಷ ಬಾಗಿಲು ಬಾಗಿಲು ತಿರುಗಿದವನು ಅಂಜುತ್ತಿದ್ದದ್ದು ಒಂದೇ ಬಾಗಿಲಿಗೆ: ಹುಚ್ಚವ್ವನದು.

ಎರಡು ವರ್ಷದ ಹಿಂದೆ ಬೀರಪ್ಪನ ಗುಡಿಯಲ್ಲಿ ದೇವರ ಅರಿಶಿನದ ಭಂಡಾರ ಮುಟ್ಟಿ, ಬರುವ ಬೇಸಿಗೆಗೆ ಓಣಿಗೆಲ್ಲ ನೀರಿನ ನಳ ಬರುತ್ತವೆ ಎಂದು ಅವನೇ ಆಣೆ ಮಾಡಿದ್ದ. ಶಾಸಕ ವಿಜಯಮಹಾಂತೇಶ ಸಾಹೇಬರು "ಹೇಳಿಬಿಡೋ" ಅಂದಿದ್ದರು, ಹೇಳಿಬಿಟ್ಟಿದ್ದ. ಪೈಪು ಬಂದು ರಸ್ತೆ ಬದಿಗೆ ಬಿದ್ದವು. ಅವುಗಳೊಳಗೆ ನಾಯಿ ಮರಿ ಹಾಕಿತು.

ಅಂದಿನಿಂದ ಹುಚ್ಚವ್ವ ಕಂಡಲ್ಲಿ ಬೈಯುತ್ತಿದ್ದಳು. "ಏ ಹಣಮ್ಯಾ! ಭಂಡಾರ ತಿಂದು ಅರಗಿಸ್ಕೊಂಡ್ಯೇನಲೇ?" ಅವನು ನಗುತ್ತಿದ್ದ: "ನಿನ್ನ ಬಾಯಿಗೆ ಅಂಜಿ ನೀರ ಓಡಿಹೋಗೇತಿ, ಅತ್ತಿ." ಬೈದವರೇ ಕಡೆಗೆ ಓಟು ಹಾಕುತ್ತಿದ್ದರು. ಬೈಯುವವರಿಗೆ ಇನ್ನೂ ಆಸೆ ಇದೆ ಎಂದು ಅವನಿಗೆ ಗೊತ್ತಿತ್ತು.

ಅಂದು ಹುಚ್ಚವ್ವ ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

"ಬರ್ರಿ, ಹನಮಂತಪ್ಪನಾರ. ಕೂಡ್ರಿ."

ಹನಮಂತಪ್ಪ ಕೂಡದೆ ಬಾಗಿಲಲ್ಲೇ ನಿಂತ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು; ಎಂದೂ ಬಹುವಚನದಲ್ಲಿ ಕರೆದವಳಲ್ಲ.

"ಅತ್ತಿ, ಬೈಯಾಕ ಶಕ್ತಿ ಇಲ್ಲೇನು?"

"ನಿಮಗ್ಯಾಕ ಬೈಯೂಣ್ರಿ? ಚಾ ಕುಡೀರಿ."

"ನಳದ್ದು..."

"ಇರಲಿ ಬಿಡ್ರಿ. ನಮ್ಮ ಓಟ ನಿಮಗ."

ಮುಂದಿನ ಮನೆಯಲ್ಲೂ ಚಹಾ. ಅದರ ಮುಂದಿನದರಲ್ಲೂ. ಓಣಿ ದಾಟುವವರೆಗೆ ಒಬ್ಬರೂ ಅವನಿಗೆ ಬೈಯಲಿಲ್ಲ.

ಬಸ್ಸು ಹಿಡಿದು ಹುನಗುಂದಕ್ಕೆ ಹೋಗಿ ಸಾಹೇಬರ ಮುಂದೆ ಎಲ್ಲ ಹೇಳಿದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೈಯಲಿಲ್ಲಂತ ಅಳತಾನ ನೋಡ್ರಿ! ಇಬ್ರಾಹಿಂಸಾಬ, ಇವಗೊಂದೆರಡು ಬೈದು ಕಳಸ್ರಿ."

ಇಳಕಲ್ಲಿನ ಹಳೆಯ ಕಾರ್ಯಕರ್ತ ಇಬ್ರಾಹಿಂಸಾಬ ನಗಲಿಲ್ಲ. "ನಮ್ಮ ನೇಕಾರ ಓಣ್ಯಾಗೂ ಹಂಗ ಐತ್ರಿ. ಎಲ್ಲಾರೂ ಕೈ ಮುಗೀತಾರ."

"ಇನ್ನೂ ನಾಕ ದಿನ ಐತ್ರಿ ಸಾಹೇಬ್ರ," ಹನಮಂತಪ್ಪ ಅಂಗಲಾಚಿದ. "ಒಂದ ಸಲ ಬಂದು ಆಕಿ ಮುಂದ ನಿಂತು ಬೈಸ್ಕೊಂಡು ಹೋಗ್ರಿ."

"ನನಗ ಬ್ಯಾರೆ ಕೆಲಸ ಇಲ್ಲೇನಲೇ?" ಸಾಹೇಬರು ಮೆರವಣಿಗೆಯ ಗಾಡಿ ಹತ್ತಿದರು.

ಮತದಾನದ ದಿನ ಬೆಳಗಿನ ಏಳಕ್ಕೇ ಹೆಂಗಸರು ಸಾಲು ನಿಂತಿದ್ದರು. ಜಗಳವಿಲ್ಲ, ನಗುವಿಲ್ಲ. ಹಾಕಿದರು, ಹೋದರು.

ಹುನಗುಂದವಷ್ಟೇ ಅಲ್ಲ, ಬಾದಾಮಿ, ಬಾಗಲಕೋಟೆ, ಇಡೀ ರಾಜ್ಯವೇ ವಿರೋಧ ಪಕ್ಷದ ಕೈಗೆ ಹೋಯಿತು. ಅಲೆ, ಜಾತಿ, ಹಣ ಎಂದು ಟಿವಿಯವರು ಕಾರಣ ಹುಡುಕುತ್ತಿದ್ದರು. ಹನಮಂತಪ್ಪ ಟಿವಿ ಆರಿಸಿದ.

ಎಂಟು ದಿನದ ಮೇಲೆ ಓಣಿಯ ತುದಿಯಲ್ಲಿ ಆ ದನಿ ಮತ್ತೆ ಕೇಳಿತು.

"ಏ ಶಿವಪ್ರಕಾಶ್ಯಾ! ಗೆದ್ದು ವಾರ ಆತು, ನಳಾ ಎಲ್ಲದಾವಲೇ?"

ಗೆದ್ದ ಪಕ್ಷದ ಕಾರ್ಯಕರ್ತ ಶಿವಪ್ರಕಾಶ ತಲೆ ಕೆರೆದುಕೊಂಡು ಹಲ್ಲು ಕಿರಿಯುತ್ತಿದ್ದ. ಹನಮಂತಪ್ಪನ ಕಾಲು ತಾನಾಗಿ ಆ ಕಡೆ ನಡೆಯಿತು. ಅರ್ಧ ಬೈಗುಳವಾದರೂ ತನ್ನ ಪಾಲಿಗೆ ಬಂದೀತೆಂದು ಹತ್ತಿರ ಹೋಗಿ ನಿಂತ.

ಹುಚ್ಚವ್ವ ತಟ್ಟನೆ ಸುಮ್ಮನಾದಳು. ಸೆರಗು ಸರಿ ಮಾಡಿಕೊಂಡಳು.

"ಬರ್ರಿ, ಹನಮಂತಪ್ಪನಾರ," ಎಂದು ದಾರಿ ಬಿಟ್ಟು ಸರಿದು ನಿಂತಳು.